ಬಾಕಿ ಕಟ್ಟಿ ಬಿಡಿಸಿಕೊಳ್ಳುವವರು

ಬ್ಯಾಂಕಿನ ನೋಟಿಸು ಬಂದ ದಿನ ಬನಹಟ್ಟಿಯ ಬೋರವ್ವ ಹಣೆಗೆ ಕೈ ಹಚ್ಚಿ ಕೂತಳು. ಗಂಡ ನೀಲಕಂಠ ಮಾತ್ರ ಚಹಾ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟ. ಮಗಳು ನೇತ್ರಾ ನರ್ಸಿಂಗ್ ಓದಲು ತೆಗೆದ ಸಾಲ ಅದು. ಓದು ಮುಗಿದಿತ್ತು, ಮಹಾಲಿಂಗಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನೌಕರಿಯ ಮಾತೂ ನಡೆದಿತ್ತು.

"ಇದರಾಗ ಅಳೂದೇನೈತಿ?" ಎಂದ. "ನೌಕರಿ ಕೊಡಾವ್ರು ಬಾಕಿ ಕಟ್ಟಿ ಕರಕೊಂಡ ಹೋಗ್ತಾರ."

ಹುಚ್ಚು ಮಾತೇನಲ್ಲ, ನೇಕಾರರಲ್ಲಿ ಹಾಗೆಯೇ. ಮಗ್ಗದ ಮಾಲಕ ನೇಕಾರನಿಗೆ ಮುಂಗಡ ಕೊಟ್ಟಿರುತ್ತಾನೆ, ಅದೇ ಬಾಕಿ. ಮದುವೆಗೆ, ಬಾಣಂತನಕ್ಕೆ, ಸತ್ತವರ ದಿನಕ್ಕೆ ಅದು ಬೆಳೆಯುತ್ತದೆಯೇ ಹೊರತು ಇಳಿದದ್ದನ್ನು ಕಂಡವರಿಲ್ಲ. ಬೇರೆಯವನ ಮಗ್ಗಕ್ಕೆ ಹೋಗಬೇಕೆಂದರೆ ಆ ಹೊಸಬ ಹಳೆಯವನ ಬಾಕಿ ಕಟ್ಟಿ ಬಿಡಿಸಿಕೊಳ್ಳಬೇಕು. ನೀಲಕಂಠ ಮದುವೆಯಾದ ವರ್ಷದಿಂದ ಮಲಕಾಜಪ್ಪನ ಮಗ್ಗದಲ್ಲೇ ಇದ್ದ. ಬಿಡಿಸಿಕೊಳ್ಳಲು ಒಬ್ಬ ನರಪಿಳ್ಳೆಯೂ ಬಂದಿರಲಿಲ್ಲ. ಮಗಳಿಗೆ ಆ ಗತಿ ಬೇಡವೆಂದೇ ಓದಿಸಿದ್ದ. ಬಡವರ ಮಕ್ಕಳನ್ನು ಸರಕಾರ ಓದಿಸುವುದಿಲ್ಲವೇ ಎಂದರೆ, ಓದಿಸುತ್ತದೆ, ಭಾಷಣದಲ್ಲಿ.

"ಅಪ್ಪಾ, ಅಲ್ಲಿ ಹಂಗ ಕೇಳಬ್ಯಾಡ, ನಗತಾರ," ಎಂದು ನೇತ್ರಾ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದಳು. ಕೇಳುವ ಮನುಷ್ಯನೇ ಅವನು?

ಆಸ್ಪತ್ರೆಯ ಮಾಲಕ ಪಾಂಡಪ್ಪ ಬೆಲ್ಲದ ವ್ಯಾಪಾರ ಬಿಟ್ಟು ಈ ಧಂದೆಗೆ ಬಂದವನು. ನೀಲಕಂಠ ಕುರ್ಚಿಯ ತುದಿಗೆ ಕೂತು ಕೇಳಿಯೇ ಬಿಟ್ಟ. ನೇತ್ರಾ ನೆಲ ನೋಡಿದಳು. ಪಾಂಡಪ್ಪ ನಗಲಿಲ್ಲ.

"ಛಲೋ ಪದ್ಧತಿ ಐತ್ರಿ ನಿಮ್ದು," ಎಂದ. "ನಮಗ ಹೊಳದ ಇರ್ಲಿಲ್ಲ ನೋಡ್ರಿ. ಬ್ಯಾಂಕಿಂದು ಪೂರಾ ನಾ ಕಟ್ತೀನಿ. ಪಗಾರದಾಗ ಸ್ವಲ್ಪ ಸ್ವಲ್ಪ ಹಿಡಕೋತೀನಿ. ಸರ್ಟಿಫಿಕೇಟ್ ಅಷ್ಟೂ ನನ್ನ ಕಪಾಟಿನ್ಯಾಗ ಇರ್ಲಿ."

ನೀಲಕಂಠನ ಎದೆ ಹಗುರಾಯಿತು. ಹೆಂಗೈತಿ ಅಪ್ಪನ ಬುದ್ಧಿ ಎಂಬಂತೆ ಮಗಳತ್ತ ನೋಡಿದ. ಪಾಂಡಪ್ಪ ಕರಾರು ಪತ್ರ ಬರೆಸಿ ತರಿಸಿದ. ನೇತ್ರಾ ಪೆನ್ನು ಹಿಡಿದು ಕೇಳಿದಳು: "ಸರ್, ನಾಳೆ ನನಗ ಸರಕಾರಿ ನೌಕರಿ ಬಂದ್ರ?"

"ಬರ್ಲಿ ತಂಗಿ. ಸರಕಾರ ನನ್ನ ಬಾಕಿ ಕಟ್ಟಿ ಕರಕೊಂಡ ಹೋಗ್ಲಿ."

ಮಲಕಾಜಪ್ಪನೂ ಈ ಮಾತನ್ನು ಇಷ್ಟೇ ಪ್ರೀತಿಯಿಂದ ಅನ್ನುತ್ತಿದ್ದ. ಎಂಥ ಕೆಲಸ ಮಾಡಿಬಿಟ್ಟೆ ಎಂದು ನೀಲಕಂಠನಿಗೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಮಗಳ ಕೈಯಿಂದ ಪೆನ್ನು ಕಸಿದುಕೊಂಡು ಮೇಜಿನ ಮೇಲಿಟ್ಟ, ಅಲ್ಲೇ ಹರವಿದ್ದ ಸರ್ಟಿಫಿಕೇಟುಗಳನ್ನು ಬಾಚಿ ಚೀಲಕ್ಕೆ ತುಂಬಿದ.

"ಅಲ್ರೀ, ಪದ್ಧತಿ ನೀವ ಹೇಳಿದ್ದಲ್ಲ?" ಎಂದ ಪಾಂಡಪ್ಪ.

"ಹೌದ್ರಿ, ನಾನ ಹೇಳಿದ್ದು. ಲಗ್ನಾದಾಗಿಂದ ಅದರಾಗ ಅದೀನಿ, ಅದಕ್ಕ ಬ್ಯಾಡ ಅನ್ನಾಕತ್ತೇನಿ."

ಮೆಟ್ಟಿಲಿಳಿಯುವಾಗ ನೇತ್ರಾ ಕೇಳಿದಳು, "ಮತ್ತ ಬ್ಯಾಂಕಿನವ್ರಿಗೆ ಏನ್ ಹೇಳೂದಪ್ಪಾ?"

"ಅವ್ರು ಮನಿ ಮುಂದ ನಿಂತು ನನ್ನ ಮಾನಾ ಕಳೀಲಿ. ನೀ ಬೇಕಾದಲ್ಲಿ ನೌಕರಿ ಹುಡುಕು. ಇಲ್ಲೇ ಬಿದ್ದಿರು ಅಂತ ಅವ್ರೇನೂ ಅನ್ನಂಗಿಲ್ಲ."