ಥೋಯುನನ ಕತ್ತರಿ ಕೈ

ಆ ಬೆಳಿಗ್ಗೆ ಥೋಯುನನ ಕೈಯಿಂದ ಕತ್ತರಿ ಜಾರಿ ಮೇಷ್ಟ್ರ ಕಿವಿ ಗೀರಿತು. ವಾರದಲ್ಲಿ ಕತ್ತರಿ ಜಾರಿದ್ದು ಇದು ಮೂರನೇ ಸಲ. ಮೇಷ್ಟ್ರು ಒಳ್ಳೆಯವರು, ಏನೂ ಅನ್ನದೆ ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು ಹೋದರು.

ಕಾಂಬೋಡಿಯಾದ ಬಟ್ಟಂಬಾಂಗ್ ಸೀಮೆಯ ಆ ಹಳ್ಳಿಯಲ್ಲಿ, ಹುಣಸೆ ಮರಕ್ಕೊಂದು ಕನ್ನಡಿ ತಗಲಿಸಿ, ಥೋಯುನ್ ಇಪ್ಪತ್ತು ವರ್ಷದಿಂದ ಕ್ಷೌರ ಮಾಡುತ್ತಿದ್ದ. ಅವನ ಎಡಗಾಲನ್ನು ಯುದ್ಧಕಾಲದ ನೆಲಬಾಂಬು ಕಿತ್ತುಕೊಂಡಿತ್ತು. ಕತ್ತರಿ, ಬಾಚಣಿಗೆ ಹಿಡಿಯಲು ಎರಡು ಕೈಯೂ ಬೇಕಲ್ಲ? ಊರುಗೋಲುಗಳ ತುದಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮೈಭಾರವನ್ನೆಲ್ಲ ಅವುಗಳ ಮೇಲೆ ಬಿಟ್ಟು, ದಿನವಿಡೀ ಹಾಗೇ ನಿಲ್ಲುತ್ತಿದ್ದ.

ಮನೆಗೆ ಬಂದ ಅವನನ್ನು ಹೆಂಡತಿ ಯೋಮ್ ಬಿದಿರ ಮಂಚದ ಮೇಲೆ ಕೂರಿಸಿ, ಬಲಗೈಗೆ ಮುಲಾಮು ಹಚ್ಚಿ, ನಾಣ್ಯದಿಂದ ಗೀರತೊಡಗಿದಳು. ಮೈಗೆ ಗಾಳಿ ಹೊಕ್ಕಿದ್ದರೆ ಹೀಗೆ ಗೀರಿ ಹೊರಗೆ ತೆಗೆಯುವುದು ಅಲ್ಲಿನ ರೂಢಿ. ತೋಳೆಲ್ಲ ಕೆಂಪು ಬರೆ ಎದ್ದಿತು. ಬೆರಳುಗಳು ಮಾತ್ರ ಸೀಮೆಸುಣ್ಣದಂತೆ ಬಿಳಿಚಿಕೊಂಡೇ ಇದ್ದವು, ಕಿರುಬೆರಳಿನ ತುದಿ ಕಪ್ಪಾಗಿತ್ತು. ಗಂಡನ ಕಾಲು ಹೋದ ವರ್ಷ ಯೋಮ್ ಎದೆ ಬಡಿದುಕೊಂಡು ಅತ್ತಿದ್ದಳು. ಈಗ ಅಳುವುದಕ್ಕೂ ಅವಳಿಗೆ ಸಾಕಾಗಿತ್ತು.

"ಯಾರಿಗಕ್ಕ ಗಾಳಿ ಹಿಡ್ಕೊಂಡಿರೋದು?" ಎನ್ನುತ್ತ ಪಕ್ಕದ ಮನೆಯ ಕುಂಥಿಯಾ ಮೆಟ್ಟಿಲು ಹತ್ತಿ ಬಂದಳು. ಅವಳು ಊರಿನ ಆರೋಗ್ಯ ಕಾರ್ಯಕರ್ತೆ.

"ಇನ್ಯಾರಿಗೆ, ನಿಮ್ಮಣ್ಣಂಗೆ. ಮೇಷ್ಟ್ರ ಕಿವಿ ಕುಯ್ದು ಬಂದವ್ರೆ."

"ಕುಯ್ದಿಲ್ಲ ಕಣೇ, ಗೀರಿದ್ದು," ಎಂದ ಥೋಯುನ್. "ಕೈಗೂ ವಯಸ್ಸಾಯ್ತು. ಅಷ್ಟೆ."

ಕುಂಥಿಯಾ ಅವನ ಎರಡೂ ಮಣಿಕಟ್ಟು ಹಿಡಿದು ನೋಡಿದಳು. ಎಡಗೈ ಬೆಚ್ಚಗಿತ್ತು, ನಾಡಿ ಚೆನ್ನಾಗಿ ಬಡಿಯುತ್ತಿತ್ತು. ಬಲಗೈ ತಣ್ಣಗಿತ್ತು. ಅಲ್ಲಿ ಎಷ್ಟು ಹುಡುಕಿದರೂ ನಾಡಿ ಸಿಗಲಿಲ್ಲ.

"ಅಣ್ಣ, ಇದು ಗಾಳಿ ಅಲ್ಲ. ಕೈಗೆ ರಕ್ತ ಒಯ್ಯೋ ದೊಡ್ಡ ನಾಳ ಕಂಕುಳಲ್ಲೇ ಹಾದು ತೋಳಿಗೆ ಇಳಿಯುತ್ತೆ. ಕೈ ಆಡಿಸೋ ನರಗಳೂ ಅದರ ಸುತ್ತಾನೇ ಇವೆ. ನೀವು ಇಪ್ಪತ್ತು ವರ್ಷದಿಂದ ಅದರ ಮೇಲೇ ಮೈ ಹೇರಿದ್ದೀರ. ನಾಳ ಜಜ್ಜಿಹೋಗಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಇವತ್ತೇ ದೊಡ್ಡಾಸ್ಪತ್ರೆಗೆ ನಡೀರಿ."

"ಮೆತ್ತಗಿರ್ಲಿ ಅಂತ ನಾನೇ ಕೋಲಿಗೆ ವರ್ಷಾ ವರ್ಷ ಬಟ್ಟೆ ಸುತ್ತಿದೀನಲ್ಲೇ," ಎಂದಳು ಯೋಮ್.

"ಎಷ್ಟು ಸುತ್ತಿದ್ರೂ ಭಾರ ಭಾರಾನೇ ಅಕ್ಕ. ಸುತ್ತಿದಷ್ಟೂ ಕೋಲು ಎತ್ತರ ಆಗಿ ಇನ್ನೂ ಒತ್ತುತ್ತೆ."

ಯೋಮ್ ನಾಣ್ಯ ಕೆಳಗಿಟ್ಟಳು.

"ಇನ್ಮೇಲೆ ಎತ್ತರದ ಸ್ಟೂಲ್ ಮೇಲೆ ಕೂತು ಕೆಲಸ ಮಾಡಿ," ಎಂದಳು ಕುಂಥಿಯಾ.

"ಕೂತ್ಕೊಂಡು ಹಿರಿಯರ ತಲೆ ಮುಟ್ಲಾ?" ಥೋಯುನ್ ಸಿಡುಕಿದ. ಅಲ್ಲಿನವರಿಗೆ ತಲೆಯೆಂದರೆ ಮೈಯಲ್ಲೆಲ್ಲ ಪವಿತ್ರವಾದ ಭಾಗ. "ತಲೆ ಮುಟ್ಟೋಕೆ ಮುಂಚೆ ಕೈ ಮುಗಿಯೋನು ನಾನು! ಜನ ಏನಂದಾರು? ಹೊಸ ವರ್ಷದ ಹಬ್ಬ ಬೇರೆ ಬಂತು. ಊರವರೆಲ್ಲ ಕ್ಷೌರಕ್ಕೆ ಬರ್ತಾರೆ. ಹಬ್ಬ ಕಳೀಲಿ, ಆಮೇಲೆ ಆಸ್ಪತ್ರೆ ನೋಡಾಣ."

"ಹಬ್ಬಕ್ಕೆ ಇನ್ನೂ ಹತ್ತು ದಿನ ಇದೆ ಅಣ್ಣ. ಕೈ ಅಷ್ಟು ದಿನ ಕಾಯಲ್ಲ."

ಥೋಯುನ್ ಮುಖ ತಿರುಗಿಸಿದ. ಆಗ ಯೋಮ್ ಮೆಲ್ಲಗೆ ಹೇಳಿದಳು: "ನೋಡ್ರೀ, ಒಂದು ಕಾಲಿಲ್ಲ ಅಂತ ನಾನು ಯಾವತ್ತೂ ಗೊಣಗಿಲ್ಲ. ಆದ್ರೆ ನಂಗೆ ಸುಸ್ತಾಗಿದೆ. ನಿಮ್ಮ ಕೈಯೂ ಹೋದ್ರೆ ತಡ್ಕೊಳ್ಳೋ ಶಕ್ತಿ ನಂಗಿಲ್ಲ. ನಿಜವಾಗ್ಲೂ ಇಲ್ಲ."

ಅವಳು ಬೈದಿದ್ದರೆ ಅವನು ಎದುರಾಡುತ್ತಿದ್ದನೇನೋ. ಈಗ ತಣ್ಣಗಿನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡ. "ಗಾಡಿ ಕರೆಸು," ಎಂದ.

ಆಸ್ಪತ್ರೆಯಲ್ಲಿ ಅಂದೇ ಶಸ್ತ್ರಚಿಕಿತ್ಸೆ ಮಾಡಿ ಹೆಪ್ಪು ತೆಗೆದರು. ಇನ್ನೆರಡು ದಿನ ತಡವಾಗಿದ್ದರೆ ಕೈಯನ್ನೇ ತೆಗೆಯಬೇಕಾಗುತ್ತಿತ್ತು ಎಂದರು ಡಾಕ್ಟರು. ಕಪ್ಪಾಗಿದ್ದ ಕಿರುಬೆರಳಿನ ತುದಿ ಉಳಿಯಲಿಲ್ಲ. ಉಳಿದ ನಾಲ್ಕು ಬೆರಳು ಬೆಚ್ಚಗಾದವು. ಬಡಗಿ ಊರುಗೋಲುಗಳನ್ನು ಕುಯ್ದು ಗಿಡ್ಡ ಮಾಡಿಕೊಟ್ಟ. ಥೋಯುನ್ ಈಗ ಸ್ಟೂಲ್ ಮೇಲೆ ಕೂತೇ ಕ್ಷೌರ ಮಾಡುತ್ತಾನೆ. ಮೊದಮೊದಲು ಪ್ರತಿಯೊಬ್ಬರ ಹತ್ತಿರವೂ ಕ್ಷಮೆ ಕೇಳುತ್ತಿದ್ದ. ಯಾರೂ ತಪ್ಪು ತಿಳಿಯಲಿಲ್ಲ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಊರುಗೋಲು ಹಿಡಿದವರಿದ್ದಾರೆಯೇ? ಕೋಲಿನ ತುದಿಗೂ ಕಂಕುಳಿಗೂ ನಡುವೆ ಎರಡು ಮೂರು ಬೆರಳು ತೂರುವಷ್ಟು ಜಾಗ ಇರಲಿ. ಭಾರ ಅಂಗೈ ಮೇಲೆ ಬೀಳಲಿ, ಕಂಕುಳ ಮೇಲಲ್ಲ. ಕೈ ತಣ್ಣಗಾದರೆ, ಬಿಳಿಚಿಕೊಂಡರೆ, ಜೋಮು ಹಿಡಿದರೆ, ಹಿಡಿದದ್ದು ಜಾರಿದರೆ ಉಜ್ಜುತ್ತ, ಗೀರುತ್ತ ಕೂರಬೇಡಿ. ಆಸ್ಪತ್ರೆಗೆ ಓಡಿ. ಊರುಗೋಲು ಹಿಡಿದವರು ತಾವಾಗಿ ಹೇಳುವುದಿಲ್ಲ, ವಯಸ್ಸಾಯ್ತು ಅನ್ನುತ್ತಾರೆ. ನೀವೇ ಹತ್ತಿರ ಕೂತು, ಅವರ ಎರಡೂ ಕೈಗಳನ್ನು ಇವತ್ತೇ ಹಿಡಿದು ನೋಡಿ.