ಭಾನುವಾರದ ಕಟಿಂಗ್

ಗಂಡನ ಹೆಣ ಹೊರಗಿನ ಕೋಣೆಯಲ್ಲಿರುವಾಗ ಅವಳು ಒಳಗೆ ಮಂಚದ ಕೆಳಗೆ ತಲೆ ತೂರಿಸಿ ಹುಡುಕುತ್ತಿದ್ದಳು. ಟ್ರಂಕು ಎಳೆದಳು, ಹಳೇ ಹಾಸಿಗೆ ಸರಿಸಿದಳು, ಮೂಲೆಯವರೆಗೂ ಕೈಯಾಡಿಸಿದಳು. ಸಿಕ್ಕಿದ್ದು ಜೇಡರ ಬಲೆ ಮತ್ತು ಒಂಟಿ ಚಪ್ಪಲಿ.

"ಏನ್ ಹುಡುಕ್ತಿದ್ದೀರಾ ಅತ್ತಿಗೆ?" ನಾದಿನಿ ಬಾಗಿಲಲ್ಲಿ ನಿಂತು ಕೇಳಿದಳು.

"ನಿಮ್ಮಣ್ಣನ ಬಿಳೀ ಶರ್ಟು."

ಬಿಳೀ ಶರ್ಟು ಆಗಲೇ ಹೆಣದ ಮೈಮೇಲಿತ್ತು. ಗಂಡ ಸತ್ತವಳ ತಲೆ ಕೆಟ್ಟಿದೆ ಎಂದುಕೊಂಡು ನಾದಿನಿ ಸುಮ್ಮನೆ ಹೋದಳು. ಕೆಟ್ಟಿದ್ದು ಹೌದು, ಆದರೆ ಕಾರಣ ಬೇರೆ. ಅನಾಥ ಮಕ್ಕಳಿಗೆಂದು ಊರವರು ಅವನ ಕೈಗೆ ಕೊಟ್ಟ ಅಷ್ಟೊಂದು ಪುಸ್ತಕ ಎಲ್ಲಿ ಹೋದವು? ಶವಪೆಟ್ಟಿಗೆ ಎತ್ತುವ ಮೊದಲು ಅದು ಅವಳಿಗೆ ಗೊತ್ತಾಗಬೇಕಿತ್ತು. ಮಣ್ಣು ಮಾಡಿ ಬಂದದ್ದು ಗಂಡನನ್ನೋ ಕಳ್ಳನನ್ನೋ ಎಂದು ತಿಳಿಯದೆ ಉಳಿದ ಆಯಸ್ಸು ಕಳೆಯುವುದು ಹೇಗೆ?

*

ಅವನ ಕಟಿಂಗ್ ಶಾಪು ಬಸ್ ನಿಲ್ದಾಣದ ಎದುರಿಗಿತ್ತು. ಕೈ ಎಷ್ಟು ಚುರುಕೆಂದರೆ ಗಿರಾಕಿಗಳು ಮಿಂಚಣ್ಣ ಎಂದೇ ಹೆಸರಿಟ್ಟಿದ್ದರು. ಡ್ರೈವರುಗಳು ಬಸ್ಸಿನ ಎಂಜಿನ್ ಆರಿಸದೆ ಬಂದು ಕೂತು, ತಲೆ ಒಪ್ಪ ಮಾಡಿಸಿಕೊಂಡು ಹೋಗುತ್ತಾರೆ ಎಂಬ ಮಾತೂ ಇತ್ತು. ಅದರಲ್ಲಿ ಸುಳ್ಳೆಷ್ಟೋ, ನಿಜವೆಷ್ಟೋ. ಕನ್ನಡಿಯ ಕೆಳಗೊಂದು ರಟ್ಟಿನ ಡಬ್ಬ ಇಟ್ಟಿದ್ದ. ಮಕ್ಕಳು ಓದಿ ಬಿಟ್ಟ ಕತೆಪುಸ್ತಕಗಳನ್ನು ಅದರಲ್ಲಿ ಹಾಕಿದರೆ ಅನಾಥಾಲಯದ ಹುಡುಗಿಯರಿಗೆ ತಲುಪಿಸುವುದು ತನ್ನ ಜವಾಬ್ದಾರಿ ಎನ್ನುತ್ತಿದ್ದ. ತಿಂಗಳಿಗೊಂದು ಭಾನುವಾರ ಅಲ್ಲಿಗೆ ಬಿಟ್ಟಿ ಕಟಿಂಗ್ ಮಾಡಲು ಹೋಗುತ್ತಿದ್ದನಲ್ಲ.

ಆ ಭಾನುವಾರವೇ ಅವಳ ಕಣ್ಣಿಗೆ ಚುಚ್ಚುತ್ತಿದ್ದದ್ದು. ಮಿಂಚಿನಂಥ ಕೈ, ನಾಲ್ಕು ಚಿಳ್ಳೆಪಿಳ್ಳೆ ತಲೆಗಳಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬೇಕೇ? ಅಲ್ಲಿ ಯಾವಳೋ ಇದ್ದಾಳೆ ಎಂದುಕೊಂಡು ಶರ್ಟು ಮೂಸಿ ನೋಡಿದ್ದೂ ಉಂಟು. ಬರೀ ಸೋಪು, ಕೂದಲು. ಕೇಳಿದರೆ, ಹೆಣ್ಣುಮಕ್ಕಳ ತಲೆ, ಹುಷಾರಾಗಿ ಮಾಡಬೇಕು ಎನ್ನುತ್ತಿದ್ದ. ಇನ್ನೂ ಕೆದಕಿದರೆ ನಕ್ಕುಬಿಡುತ್ತಿದ್ದ.

"ನಿನ್ನ ಹೊಟ್ಟೇಲಿ ಮಾತು ನಿಲ್ಲಲ್ಲ ಕಣೇ."

ಅದೇನೋ ನಿಜವೇ. ಬೆಳಿಗ್ಗೆ ಅವಳಿಗೆ ಗೊತ್ತಾದದ್ದು ಮಧ್ಯಾಹ್ನದೊಳಗೆ ಬೀದಿ ನಲ್ಲಿಯ ಮುಂದೆ ನಿಂತವರಿಗೆಲ್ಲ ಗೊತ್ತಿರುತ್ತಿತ್ತು. ಆದರೂ ಹೆಂಡತಿಗೆ ಹೇಳದಂಥ ಮಾತು ಗಂಡನ ಹತ್ತಿರ ಏನಿರುತ್ತದೆ ಎಂದು ಅವಳ ಅನುಮಾನ ಇನ್ನೂ ಗಟ್ಟಿಯಾಯಿತು.

ಪಕ್ಕದಂಗಡಿಯ ಟೈಲರು ಅವನ ಜೀವದ ಗೆಳೆಯ. ಮಗಳ ಪುಸ್ತಕಗಳನ್ನೆಲ್ಲ ಆ ಡಬ್ಬಕ್ಕೇ ಸುರಿದವನು. ಅವನೇ ಒಂದು ದಿನ ಅವಳ ಕಿವಿಗೆ ಹಾಕಿದ: ಮಿಂಚಣ್ಣನನ್ನು ರದ್ದಿ ಅಂಗಡಿಯಲ್ಲಿ ಕಂಡೆ, ಕೈಯಲ್ಲಿ ಚೀಲ ಇತ್ತು, ನನ್ನನ್ನು ನೋಡಿ ಮುಖ ತಿರುಗಿಸಿದ. ಅಂದಿನಿಂದ ಅವಳಿಗೂ ಟೈಲರಿಗೂ ನೆಮ್ಮದಿಯಿಲ್ಲ.

*

ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಅನಾಥಾಲಯದ ವ್ಯಾನು ಬಂತು. ಮೇಲ್ವಿಚಾರಕಿ ಇಳಿದರು, ಸೊಂಟದಲ್ಲಿ ಬೀಗದ ಕೈಗೊಂಚಲು. ಹಿಂದೆ ಸಾಲಾಗಿ ಹುಡುಗಿಯರು. ಕೊನೆಯವಳ ತಲೆಗೆ ಬಿಗಿಯಾಗಿ ಸ್ಕಾರ್ಫು ಕಟ್ಟಿತ್ತು. ನಿನ್ನೆ ಈ ಹುಡುಗಿಗೆ ಕಟಿಂಗ್ ಮಾಡುತ್ತಿದ್ದಾಗಲೇ ಕತ್ತರಿ ಹಿಡಿದು ಕುಸಿದರು ಎಂದು ಮೇಲ್ವಿಚಾರಕಿ ವಿವರಿಸಿದರು. ಒಳ್ಳೆಯ ಮನುಷ್ಯ, ಕೆಲಸ ಮಾತ್ರ ವಿಪರೀತ ನಿಧಾನ ಎಂದೂ ಸೇರಿಸಿದರು. ಮಿಂಚಣ್ಣ ನಿಧಾನವೇ? ನೆರೆದವರು ಮುಖಮುಖ ನೋಡಿಕೊಂಡರು.

ಟೈಲರು ತಡೆದುಕೊಳ್ಳಲಿಲ್ಲ. ನಾವು ಕೊಟ್ಟ ಪುಸ್ತಕ ನಿಮಗೆ ಬರುತ್ತಿತ್ತೇ ಎಂದು ಕೇಳಿಯೇಬಿಟ್ಟ.

"ಶುರೂನಲ್ಲಿ ಒಂದು ಡಬ್ಬ ಕೊಟ್ಟಿದ್ರು," ಎಂದರು ಮೇಲ್ವಿಚಾರಕಿ. "ಗಾಜಿನ ಬೀರುನಲ್ಲಿ ನೀಟಾಗಿ ಜೋಡಿಸಿ ಬೀಗ ಹಾಕಿದ್ದೀವಿ, ಯಾರು ಬೇಕಾದ್ರೂ ಬಂದು ನೋಡ್ಬಹುದು. ಆಮೇಲೆ ಒಂದೂ ಬಂದಿಲ್ಲ."

ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ಥೂ, ಸತ್ತು ಮಲಗಿದ ಮೇಲೂ ಮಾನ ಕಳೆದನಲ್ಲ ಎಂದು ಅವಳಿಗೆ ಸಿಟ್ಟು ಉಕ್ಕಿತು. ಆ ಸಿಟ್ಟಿನಲ್ಲೇ ಅಳುವೂ ಬಂತು. ಮುಖ ತೊಳೆಯಲು ಹಿತ್ತಲಿಗೆ ಹೋದಳು.

ಸ್ಕಾರ್ಫಿನ ಹುಡುಗಿ ನೀರು ಬೇಕೆಂದು ಹಿಂದೆಯೇ ಬಂದಿದ್ದಳು. ನೀರು ಕುಡಿಯಲಿಲ್ಲ. ಸ್ಕಾರ್ಫು ಸಡಿಲಿಸಿದಳು. ಒಂದು ಕಡೆ ಕೂದಲು ಕಿವಿಯ ಮೇಲಕ್ಕಿತ್ತು, ಇನ್ನೊಂದು ಕಡೆ ಭುಜದವರೆಗೆ.

"ಆಂಟಿ, ಅಂಕಲ್ ಪುಸ್ತಕ ಮಾರಿಲ್ಲ."

ಆಮೇಲೆ ಹುಡುಗಿ ಉಸಿರು ಬಿಡದೆ ಹೇಳಿದಳು. ಮಕ್ಕಳು ಮುಟ್ಟಿದರೆ ಹರಿಯುತ್ತದೆ ಎಂದು ಮೇಡಂ ಬೀರು ತೆಗೆಯುವುದು ಅತಿಥಿಗಳು ಬಂದಾಗ ಮಾತ್ರ. ಅದಕ್ಕೇ ಅಂಕಲ್ ಕತ್ತರಿ ಚೀಲದಲ್ಲಿ ಪುಸ್ತಕ ತರತೊಡಗಿದರು. ಮೈಗೆ ಹೊದಿಸುವ ಬಟ್ಟೆಯನ್ನು ತಿರುಗಾಮುರುಗಾ ಕಟ್ಟಿ, ಸೀಳು ಮುಂದೆ ಬರುವಂತೆ ಮಾಡುತ್ತಿದ್ದರು. ತಲೆ ಬಗ್ಗಿಸು ಮಗಾ ಎನ್ನುತ್ತಿದ್ದರು. ಬಟ್ಟೆಯೊಳಗೆ ತೊಡೆಯ ಮೇಲೆ ಪುಸ್ತಕ, ಅದು ಸೀಳಿನಿಂದ ಓದುವವಳಿಗೆ ಮಾತ್ರ ಕಾಣಿಸುತ್ತಿತ್ತು. ಕತೆ ಮುಗಿಯುವವರೆಗೆ ಅಂಕಲ್ ಬರೀ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದರು. ಕೊನೆಯ ಹಾಳೆ ಇಲ್ಲದ ಪುಸ್ತಕವಾದರೆ ರದ್ದಿ ಅಂಗಡಿಗೆ ಹೋಗಿ ಅದೇ ಪುಸ್ತಕ ಹುಡುಕಿ ತರುತ್ತಿದ್ದರು.

ಇಷ್ಟು ಸುಲಭಕ್ಕೆ ನಂಬುವ ಹೆಂಗಸಲ್ಲ ಅವಳು. ಹುಡುಗಿಯ ಗಲ್ಲ ಹಿಡಿದೆತ್ತಿದಳು.

"ಹಂಗಾದ್ರೆ ಈಗೆಲ್ಲಿವೆ?"

"ದಿಂಬಿನೊಳಗೆ. ಎಲ್ಲಾರ ದಿಂಬಿಂದೂ ಹತ್ತಿ ತೆಗೆದು ತುಂಬಿದ್ದೀವಿ." ಹುಡುಗಿ ಕತ್ತು ಉಜ್ಜಿಕೊಂಡಳು. "ನೋವಾಗುತ್ತೆ, ಪರವಾಗಿಲ್ಲ. ಮೇಡಂಗೆ ಮಾತ್ರ ಹೇಳ್ಬೇಡಿ ಆಂಟಿ. ಗೊತ್ತಾದ್ರೆ ಎಲ್ಲಾ ಬೀರು ಸೇರುತ್ತೆ."

ಅವಳಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಹುಡುಗಿಯ ಸ್ಕಾರ್ಫು ಬಿಗಿದಳು. ಅಯ್ಯೋ ನನ್ನಪ್ಪ, ಇದನ್ನಾ ನನ್ನಿಂದ ಮುಚ್ಚಿಟ್ಟದ್ದು ಎನ್ನುತ್ತಾ ಹೊರಕೋಣೆಗೆ ಓಡಿದಳು. ಊರಿಗೆಲ್ಲ ಕೇಳುವಂತೆ ಹೇಳಬೇಕು, ಟೈಲರಿನ ಮುಖಕ್ಕೆ ಹೊಡೆದ ಹಾಗೆ ಹೇಳಬೇಕು.

ಪೆಟ್ಟಿಗೆಗೆ ಮುಚ್ಚಳ ಬಿದ್ದಿತ್ತು. ನಾಲ್ಕು ಮೂಲೆಗೆ ನಾಲ್ವರು ನಿಂತಿದ್ದರು, ಅವರಲ್ಲಿ ಟೈಲರೂ ಒಬ್ಬ. ಅವನ ಕಣ್ಣು ಕೆಂಪಗಿತ್ತು.

"ನೀವಾದ್ರೂ ಹೇಳಿ ಅತ್ತಿಗೆ," ಎಂದ. "ಪುಸ್ತಕ ಏನಾಯ್ತು? ತಿಳೀದೆ ನಾನು ಹೆಂಗೆ ಹೆಗಲು ಕೊಡ್ಲಿ?"

ಮಾತು ನಾಲಗೆಯ ತುದಿಗೆ ಬಂದಿತ್ತು. ಗೋಡೆಯ ಪಕ್ಕ ಹುಡುಗಿಯರ ಸಾಲು. ಒಬ್ಬಳೂ ತಲೆ ಎತ್ತಿರಲಿಲ್ಲ. ಅವರ ಮುಂದೆ ಮೇಲ್ವಿಚಾರಕಿ ಕಿವಿಗೊಟ್ಟು ನಿಂತಿದ್ದರು.

"ಮಾರ್ಬಿಟ್ರು," ಎಂದಳು. "ರದ್ದಿಗೆ. ಎಲ್ಲಾನೂ."

ನಾದಿನಿ ಬಾಯಿಗೆ ಕೈ ಇಟ್ಟುಕೊಂಡಳು. ಮೇಲ್ವಿಚಾರಕಿ ಪಾಪ ಎಂದರು. ಟೈಲರು ಪೆಟ್ಟಿಗೆಯ ಮೇಲಿಂದ ಕೈ ತೆಗೆದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅವನ ಜಾಗಕ್ಕೆ ಯಾರೂ ಬರಲಿಲ್ಲ. ಮೂವರೇ ಎತ್ತಲು ಹೋದಾಗ ಪೆಟ್ಟಿಗೆ ಒಂದು ಕಡೆ ವಾಲಿತು. ಅವಳು ಹೋಗಿ ಆ ಮೂಲೆಯ ಕೆಳಗೆ ಹೆಗಲಿಟ್ಟಳು. ಆ ಮೂವರೂ ಎತ್ತರದ ಆಳುಗಳು, ಅವಳು ಗಿಡ್ಡಿ. ಬೀದಿಯ ಕೊನೆಯವರೆಗೂ ತುದಿಗಾಲಲ್ಲೇ ನಡೆದಳು.