ದೋಣಿ ಮಾಡಿದೋನ ಪಾಲು

ಯಾರ್ರೀ ಅದು, ಬುಡನ್‌ಸಾಬ್‌ಗೆ ಮರೆವು ಬಂದೈತೆ ಅಂತ ಮನೆಯೋರ ವಾಟ್ಸಾಪ್ ಗ್ರೂಪ್‌ನಾಗೆ ಹಾಕಿದ್ದು? ನುಜಹತ್, ನೀನೇ ಅಲ್ವೇನವ್ವ? ನನ್ನ ಮೊಮ್ಮಗನ್ನ ಮದುವೆಯಾಗಿ ಬಂದು ಇನ್ನೂ ಉಪ್ಪಿನ ಡಬ್ಬಿ ಎಲ್ಲೈತೆ ಅಂತ ಹುಡುಕ್ತೀಯ, ನನ್ನ ನೆನಪು ಅಳೆಯಾಕೆ ಬರ್ತೀಯ. "ಅಜ್ಜಾರು ಆ ದೋಣಿ ಕತೆ ಒಂದ್ಸಲ ಹಂಗಂತಾರೆ, ಒಂದ್ಸಲ ಹಿಂಗಂತಾರೆ" ಅಂತ ಬರ್ದೀಯ. ಹೌದು, ಹಂಗೂ ಅಂದೀನಿ, ಹಿಂಗೂ ಅಂದೀನಿ. ಅದು ಮರೆವಲ್ಲ. ಒಂದ್ಸಲ ಅಂದಿದ್ದು ಸುಳ್ಳು. ಅದನ್ನ ಹೇಳಾಕೇ ಈಗ ಫೋನಿನಾಗೆ ಈ ಮೈಕಿನ ಬಟನ್ ಒತ್ತಿಕೊಂಡು ಕೂತೀನಿ. ಹೊನ್ನಾಳಿಯೋರು, ನ್ಯಾಮತಿಯೋರು, ಜಗಳೂರಿನೋರು, ಎಲ್ಲಾರೂ ಕೇಳ್ರಿ. ನಡುವೆ ಹೆಬ್ಬೆಟ್ಟಿನ ಚಿತ್ರ ಹಾಕಬ್ಯಾಡ್ರಿ.

ನನಗೇನು ನೆನಪಿಲ್ಲ? ತ್ಯಾವಣಿಗೆಯಾಗೆ ನಾನು ಮಾಡಿದ ಗಾಡಿ ಗಾಲಿ ಯಾರ್ಯಾರ ಮನೆ ಗ್ವಾಡೆಗೆ ಒರಗಿ ನಿಂತಾವೆ, ಯಾವುದು ಜಾಲಿ, ಯಾವುದು ಮತ್ತಿ, ಕೇಳ್ರಿ, ಹೇಳ್ತೀನಿ. ಈಗ ಗಾಡಿ ಯಾರಿಗೂ ಬ್ಯಾಡ. ಟ್ರ್ಯಾಕ್ಟರ್ ಬಂದ್ಮ್ಯಾಲೆ ನಾನು ಬಾಗ್ಲು, ಮಂಚ, ಕೋಳಿಗೂಡು ಮಾಡ್ಕೊಂಡು ಕೂತೆ. ಆ ಕೋಳಿಗೂಡಿನ ಕಾಲದಾಗೇ, ಹೋದ ವರ್ಷ, ಗಾದ್ರಪ್ಪ ಬಂದು ದೋಣಿ ಮಾಡಿಕೊಡು ಅಂದಿದ್ದು.

ಗಾದ್ರಪ್ಪ ಜಗಳೂರು ಕಡೆ ಬಿಳಿಚೋಡಿನೋನು. ಅವರಪ್ಪ, ಅಜ್ಜ ಬ್ಯಾಟೆ ಆಡಿದೋರು. ಇವನು ಕುರಿ ಕಾಯ್ತಾನೆ. ಭತ್ತ ಕೊಯ್ದಮ್ಯಾಲೆ ನಮ್ಮ ಕಡೆ ಗದ್ದೆಗೆ ಮಂದೆ ಹೊಡ್ಕೊಂಡು ಬರ್ತಾನೆ. ಕುರಿ ಮಲಗಿದ ಗದ್ದೆಗೆ ಬ್ಯಾರೆ ಗೊಬ್ಬರ ಬ್ಯಾಡ. ನಮ್ಮ ಹಿತ್ತಿಲ ಬೇಲಿ ದಾಟಿದ್ರೆ ಮಹೇಶ್ವರಪ್ಪಾರ ಗದ್ದೆ, ಅಲ್ಲೇ ಅವನ ಬಿಡಾರ. ವರ್ಷ ವರ್ಷಾನೂ ಬರ್ತಾನೆ, ನನ್ನ ಹೆಂಡ್ತಿ ತಾಜ್‌ಬೀ ಕೈಯಿಂದ ಚಾ ಕುಡಿತಾನೆ, ಅವಳನ್ನ ತಾಜಕ್ಕ ಅಂತಾನೆ, ನನ್ನ ಸಾಬಣ್ಣ ಅಂತಾನೆ. ನನ್ನ ಸ್ವಂತ ತಮ್ಮ ನನ್ನ ಅಷ್ಟು ಕರೆದಿಲ್ಲ.

ಮಳೆ ಕಾಣದ ಜಗಳೂರು ಸೀಮೆಯೋನಿಗೆ ನೀರು ಅಂದ್ರೆ ಹುಚ್ಚು ಕಣ್ರಿ. ಕುರಿನ ಬೀಗನಿಗೆ ಬಿಟ್ಟು ಸೂಳೆಕೆರೆ ದಡದಾಗೆ ಹೋಗಿ ಕೂತ್ಕೊಂಡ್ರೆ ಮುಗೀತು. ಅಲ್ಲಿ ಮೀನು ಹಿಡಿಯೋರು ತೆಪ್ಪದಾಗೆ ಹೋಗ್ತಾರೆ, ದುಂಡಂದು, ಪುಟ್ಟಿ ಇದ್ದಂಗೆ. ಇವನನ್ನೂ ಒಂದಿನ ಕೂರಿಸಿಕೊಂಡ್ರಂತೆ. ಬಂದು ನನ್ನ ಮುಂದೆ ವಾಂತಿ ಮಾಡೋದೊಂದು ಬಾಕಿ.

"ಸಾಬಣ್ಣ, ಅದೇನು ಸುತ್ತುತೈತೋ. ನಾನೇನು ಗಾಣದ ಎತ್ತಾ? ನನಗೆ ಮೂತಿ ಇರೋ ದೋಣಿ ಬೇಕು. ನೆಟ್ಟಗೆ ಹೋಗ್ಬೇಕು."

"ನಾನು ಗಾಡಿ ಮಾಡೋನು ಕಣೋ. ದೋಣಿ ಕಂಡೋನಲ್ಲ."

"ಗಾಲಿ ತಗದು ಬಿಟ್ರೆ ಗಾಡಿ ದೋಣಿನೇ ಅಲ್ವಾ?"

ಈ ಮಾತಿಗೆ ಬಿದ್ದೆ ನಾನು. ಎಷ್ಟು ವರ್ಷ ಆಗಿತ್ತು ಯಾರಾದ್ರೂ ನನ್ನ ಕೈಗೆ ಹೊಸಾದೊಂದು ಕೆಲಸ ಕೊಟ್ಟು. ಸವಳಂಗದ ಕಡೆಯಿಂದ ಹಲಸಿನ ಹಲಗೆ ತಂದ, ನಾನು ಹಿತ್ತಿಲಾಗೆ ಬಿದ್ದಿದ್ದ ಹಳೇ ಗಾಡಿ ಮೂಕಿಮರ ಸೀಳಿ ದೋಣಿ ತಳಕ್ಕೆ ಹಾಕಿದೆ. ಪಕ್ಕೆಲುಬಿಗೆ ಜಾಲಿ. ಜಾಲಿ ಕೊಂಬೆ ತಾನೇ ಬಾಗಿರ್ತೈತಲ್ಲ, ಅಂಥವನ್ನೇ ಹುಡುಕಿ ಕಡಿದ್ವಿ, ಬಗ್ಗಿಸೋ ಕೆಲಸ ಇಲ್ಲ. ಹಲಗೆ ಸಂದಿಗೆ ಹತ್ತಿ ನೂಲು ತುರುಕಿ, ರಾಳ ಹರಳೆಣ್ಣೆ ಕಾಸಿ ಬಳಿದೆ. ತಾಜ್‌ಬೀ ಮೂಗು ಮುಚ್ಕೊಂಡು, "ಮನೆಯೆಲ್ಲ ಬಾಣಂತಿ ಕೋಣೆ ಆಯ್ತು" ಅಂತ ಬೈದಳು.

ಮುಗಿದಮ್ಯಾಲೆ ನಾನು ಮಾಡಿದ ಕೆಲಸ ನೋಡಿ ಗಾದ್ರಪ್ಪ ಗಾಬರಿಯಾದ. ಎತ್ತಿಕೊಂಡೋಗಿ ಗದ್ದೆ ಕಾಲುವೆ, ಆ ಚಾನಲ್ ನೀರಿಗೆ ಹಾಕಿ, ಒಳಗೆ ಕಲ್ಲು ಹೇರಿ ಮುಳುಗಿಸಿಬಿಟ್ಟೆ.

"ಅಯ್ಯೋ ನಿನ್ನ, ಮುಳುಗಾಕೇ ಮಾಡಿದ್ಯಾ ಇದನ್ನ?"

"ಬ್ಯಾಸಿಗೆಯಾಗೆ ಗಾಡಿ ಗಾಲಿ ಸಡ್ಲಾದ್ರೆ ಏನ್ಮಾಡ್ತೀವೋ? ಕೆರೆಗೆ ಹಾಕ್ತೀವಲ್ಲ, ನೀರು ಕುಡಿದು ಉಬ್ಬಲಿ ಅಂತ. ಇದೂ ಹಂಗೇ. ಕುಡೀಲಿ ಬಿಡು. ಹಲಗೆ ಹಲಗೆ ಕಚ್ಕೊಂಡ್ರೆ ಸೂಜಿ ತೂರಲ್ಲ. ಆದ್ರೆ ಒಂದು ತಿಳ್ಕೋ, ಮತ್ತೆ ಒಣಗಾಕೆ ಬಿಡಬಾರ್ದು. ಒಣಗಿದ್ರೆ ಬಾಯಿ ಬಿಡ್ತೈತೆ."

ಎತ್ತಿದಾಗ ಒಂದು ಹನಿ ಸೋರ್ಲಿಲ್ಲ. ಜಂಬ ಅಂತಾದ್ರೂ ಅನ್ರಿ.

ಕೂಲಿ ಮಾತು ಬಂತು. ಅವನು ಅಂದ, "ಕೂಲಿ ಯಾವನಿಗೆ ಬೇಕು, ನಿನಗೆ ಪಾಲು ಐತೆ. ನಮ್ಮಲ್ಲಿ ಬ್ಯಾಟೆಗೆ ಬಲೆ ಹೆಣೆದೋನಿಗೆ ಪಾಲು, ಈಟಿ ಮಾಡಿದ ಕಮ್ಮಾರನಿಗೆ ಪಾಲು, ನಾಯಿಗೂ ಪಾಲು. ಹೊಸಾ ಸಾಮಾನಿನಾಗೆ ಮೊದಲ್ನೇ ಬ್ಯಾಟೆ ಆದ್ರಂತೂ ಮಾಡಿದೋನ ಒಲೆಗೇ ಮೊದ್ಲು. ಆಮ್ಯಾಲೆ ನಮ್ಮ ಒಲೆ ಹತ್ಸೋದು."

"ನಾನೂ ನಾಯಿನೂ ಒಂದೇ ಸಾಲಾ?"

"ಹೇ, ನಾಯಿಗೆ ಮುಂಚೆ ಕೊಡ್ತೀವಿ. ಅದು ಓಡಿರ್ತೈತೆ."

ತಾಜ್‌ಬೀ ನಕ್ಕಿದ್ದು ನಕ್ಕಿದ್ದೇ. ಆಗ್ಲೇ ನಾನು ಬಿಡಿಸಿ ಹೇಳಿದ್ದೆ ಅವನಿಗೆ. ನೋಡೋ, ಮೀನಾದ್ರೆ ಹಂಗೇ ತಾ, ನಮಗೆ ನಡೀತೈತೆ. ಹಕ್ಕಿ ಆದ್ರೆ ಜೀವ ಇದ್ದಾಗ್ಲೇ ನಮ್ಮೋರು ಬಿಸ್ಮಿಲ್ಲಾ ಅಂದು ಕುತ್ತಿಗೆ ಕೊಯ್ದಿರ್ಬೇಕು. ಸತ್ತಿದ್ದು ನಮಗೆ ಹರಾಮು. "ಅಷ್ಟು ಗೊತ್ತಿಲ್ವಾ ನನಗೆ? ಕೆರೆ ರೋಡಿನಾಗೆ ಜಾವೀದನ ಕೋಳಿ ಅಂಗಡಿ ಐತಲ್ಲ, ಅವನ ಕೈಲಿ ಕೊಯ್ಸೇ ತರ್ತೀನಿ" ಅಂದ. ಮತ್ತೆ ಒಂದು ಮಾತು ಸೇರ್ಸಿದ. "ಸಾಬಣ್ಣ, ಪಾಲು ಮಾತ್ರ ಬ್ಯಾಡ ಅನ್ನಬಾರ್ದು. ಪಾಲು ಬ್ಯಾಡ ಅಂದೋನಿಗೂ ನಮಗೂ ನೀರು ನಿಡಿ, ಮಾತುಕತೆ ಏನೂ ಇರಲ್ಲ. ಸಾಮಾನು ಮಾಡಿದೋನಿಗೇ ವಾಪಸ್ ಕೊಟ್ರೂ ಹಂಗೇ. ನಂಟು ಕಡೀತು ಅಂತ ಲೆಕ್ಕ."

ಈಗ ಮುಖ್ಯ ಮಾತು. ನುಜಹತ್, ಕಿವಿ ಕೊಡವ್ವ.

ಹಕ್ಕಿ ಹೊಡಿಯೋದು ಕಾನೂನಿಗೆ ವಿರುದ್ಧ, ಫಾರೆಸ್ಟ್‌ನೋರು ಕಂಡ್ರೆ ಒಳಗೆ ಹಾಕ್ತಾರೆ. ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬ್ಯಾಡ ಅಂತ ನಾನೂ ಅನ್ಲಿಲ್ಲ. ನೀರುಕೋಳಿ ತಿಂದು ಎಷ್ಟೋ ಕಾಲ ಆಗಿತ್ತು, ನಾಲಿಗೆ ಬಾಯಿ ಬಿಡಾಕೆ ಬಿಡ್ಲಿಲ್ಲ. ಅದೂ ನನ್ನ ತಲೆ ಮ್ಯಾಲೇ ಇರ್ಲಿ.

ಅವನು ಮೊದಲ್ನೇ ಸಲ ದೋಣಿ ಇಳಿಸಿದ ದಿನ ಬೆಳಿಗ್ಗೆ ನಾನು ಬಸ್‌ಸ್ಟ್ಯಾಂಡಿನಾಗೆ ಇದ್ದೆ. ಜಾವೀದ ಹೆಂಡ್ತಿ ಮಕ್ಕಳ ಸಮೇತ ಹೊನ್ನಾಳಿಗೆ ಹೊಂಟಿದ್ದ, ಭಾಮೈದನ ಮನೆಯಾಗೆ ನಿಕಾ. ಬಿರಿಯಾನಿ ಮಾಡೋ ಡೇಗು ನಾನೇ ಬಸ್ಸಿಗೆ ಎತ್ತಿಕೊಟ್ಟೆ. ಡೇಗಿನ ಕಿವಿ ಒಂದು ಕಡೆ ಮುರಿದಿತ್ತು. ಇದು ಮರೆವಾ?

ಹೊತ್ತು ಇಳಿಯೋ ಹೊತ್ತಿಗೆ ಗಾದ್ರಪ್ಪ ನಮ್ಮ ಬಾಗ್ಲಾಗೆ ನಿಂತಾನೆ. ಸೊಂಟದ ತನಕ ಒದ್ದೆ, ಮೈಯೆಲ್ಲ ಜೊಂಡು ಹುಲ್ಲಿನ ಗೀರು. ಒಂದು ಕೈಯಾಗೆ ಎರಡು ಕುಚ್ಚು ಮೀನು, ಇನ್ನೊಂದು ಕೈಯಾಗೆ ನೀರುಕೋಳಿ. ಜೊಂಡಿನ ಮರೆಯಾಗೆ ದೋಣಿ ನಿಲ್ಸಿ ಕವಣೆ ಬೀಸಿದ್ನಂತೆ, ಒಂದೇ ಕಲ್ಲಿಗೆ ಬಿತ್ತಂತೆ. ಅವನ ಮುಖ ನೋಡಬೇಕಿತ್ತು ನೀವು. ಶಾಲೆಯಾಗೆ ಪಾಸಾದ ಹುಡುಗನ್ನ ನೋಡಿದಂಗಿತ್ತು.

"ತಗೋ ನಿನ್ನ ಪಾಲು, ಸಾಬಣ್ಣ. ನಮ್ಮ ಒಲೆ ಇನ್ನೂ ಹತ್ಸಿಲ್ಲ."

"ಯಾರು ಕೊಯ್ದಿದ್ದೋ?"

"ಜಾವೀದ. ಅಂಗಡಿ ಮುಂದೇನೇ ಕೊಯ್ದ."

ಕುತ್ತಿಗೆ ಮ್ಯಾಲೆ ಕೊಯ್ದ ಗುರುತು ಇತ್ತು. ರೆಕ್ಕೆ ಮ್ಯಾಲೆ, ಎದೆ ಮ್ಯಾಲೆ ಒಂದು ತೊಟ್ಟು ರಕ್ತ ಇರ್ಲಿಲ್ಲ. ಜೀವ ಇದ್ದಾಗ ಕೊಯ್ದಿದ್ರೆ ಚಿಮ್ಮಿರ್ತಿತ್ತು. ಮತ್ತೆ ಜಾವೀದ ಹೊನ್ನಾಳಿಯಾಗೆ ಡೇಗಿನ ಮುಂದೆ ಅದಾನೆ. ನನಗೆ ಆ ಗಳಿಗೆಯಾಗೇ ಗೊತ್ತಾಯ್ತು. ಅನುಮಾನ ಅಲ್ಲ, ಗೊತ್ತಾಯ್ತು.

ಮೀನು ಇಟ್ಕೊಂಡು, "ಹಕ್ಕಿ ನೀನು ತಿನ್ನಪ್ಪ" ಅನ್ನಬಹುದಿತ್ತು. ಅಷ್ಟೇ ಇತ್ತು ಕೆಲಸ. ಆದ್ರೆ ಅವನು ಒದ್ದೆ ಬಟ್ಟೆಯಾಗೆ ನಡುಗ್ತಾ ನಿಂತು ನನ್ನ ಕೈ ಮುಂದೆ ಬರ್ಲಿ ಅಂತ ಕಾಯ್ತಿದ್ದ. ನಾನು ಕೈ ಚಾಚಿದೆ. ಅವನ ಮನಸ್ಸು ಮುರಿಬಾರ್ದು ಅಂತ ಅಂದ್ಕೊಂಡೆ. ನಾಲಿಗೆನೂ ಹೂಂ ಅಂತು. ಯಾವುದು ಎಷ್ಟು ಅಂತ ನನಗೇ ಬಗೆಹರಿದಿಲ್ಲ.

ತಾಜ್‌ಬೀ ಹಕ್ಕಿ ಹಸನು ಮಾಡ್ತಾ ಅಂದಳು, "ಏನ್ರಿ, ಮಾಂಸ ಇಷ್ಟು ಕಪ್ಪಗೈತಲ್ಲ?"

"ನೀರಾಗೆ ಇರೋ ಹಕ್ಕಿ ಅಲ್ವಾ, ಹಂಗೇ ಇರ್ತೈತೆ" ಅಂದೆ.

ಅವಳು ಮಸಾಲೆ ಅರೆದು ಮಾಡಿದಳು, ಉಂಡಳು. ನಾನೂ ಉಂಡೆ. ಎರಡು ಸಲ ನೀಡಿಸಿಕೊಂಡೆ.

ಇಲ್ಲಿಗೇ ನಿಂತಿದ್ರೆ ಅದು ನನಗೂ ಅಲ್ಲಾಹ್‌ಗೂ ಬಿಟ್ಟಿದ್ದು ಆಗ್ತಿತ್ತು. ಆದ್ರೆ ನನ್ನ ಬಾಯಿ ನಿಮಗೆ ಗೊತ್ತಲ್ಲ.

ಒಂದು ವಾರವೂ ಕಳೆದಿರ್ಲಿಲ್ಲ. ಮಹೇಶ್ವರಪ್ಪಾರ ತಮ್ಮನ ಚಾದಂಗಡಿಯಾಗೆ ಎಲ್ಲಾ ಕೂತಿದ್ವಿ. ಜಾವೀದನೂ ಇದ್ದ. ಗಾದ್ರಪ್ಪ ದೋಣಿ ಸುದ್ದಿ ಹೇಳ್ತಾ ಜನ ನಗಿಸ್ತಿದ್ದ. "ದೋಣಿ ಏನೋ ಚೆಂದ ಐತೆ, ಆದ್ರೆ ನಮ್ಮ ಸಾಬಣ್ಣ ಗಾಡಿ ಅಭ್ಯಾಸ ಬಿಟ್ಟಿಲ್ಲ ನೋಡ್ರಿ. ಒಂದು ಮೂಲೆಯಾಗೆ ಸೋರ್ತೈತೆ. ಎತ್ತು ಕಟ್ಟಿದ್ರೆ ಸರಿ ಹೋಗ್ತೈತೇನೋ." ಸುಮ್ನೆ ತಮಾಷೆಗೆ ಅಂದಿದ್ದು. ಎಲ್ಲಾರೂ ನಕ್ರು. ನನಗೆ ಮೈ ಉರೀತು. ಸೋರ್ತೈತಂತೆ, ನಾನು ಮಾಡಿದ್ದು.

"ನನ್ನ ದೋಣಿ ಸೋರಲ್ಲ ಕಣೋ, ಸೋರೋದು ನಿನ್ನ ಮಾತು. ಆ ನೀರುಕೋಳಿ ಜಾವೀದ ಕೊಯ್ದ ಅಂದ್ಯಲ್ಲ, ಇಲ್ಲೇ ಕೂತಾನೆ, ಕೇಳು."

ಜಾವೀದ ಪಾಪ, ಏನೂ ಅರಿಯದೆ, "ಯಾವ ನೀರುಕೋಳಿ? ದೋಣಿ ಇಳಿಸಿದ ದಿನ ನಾನು ಹೊನ್ನಾಳಿಯಾಗಿದ್ನಲ್ಲ ಚಾಚಾ, ನೀವೇ ಡೇಗು ಎತ್ತಿದ್ರಿ" ಅಂದ.

ಗಾದ್ರಪ್ಪ ಚಾ ಲೋಟ ಕೆಳಗಿಟ್ಟ. "ನಾನು ಹಕ್ಕಿ ಹತ್ರ ದೋಣಿ ನೂಕ್ಕೊಂಡು ಹೋಗೋ ಹೊತ್ತಿಗೆ ಅದರ ಜೀವ ಹೋಗಿತ್ತು ಸಾಬಣ್ಣ. ಮೊದಲ್ನೇ ಬ್ಯಾಟೆ... ನಿನಗೆ ಕೊಡದೆ ಹೆಂಗೆ ಒಲೆ ಹತ್ಸಲಿ" ಅಂದ. ನೆಲ ನೋಡ್ಕೊಂಡು ಅಂದ. ಕೂತಿದ್ದೋರು ಯಾರೋ, "ಥೂ, ನಂಬಿದೋನಿಗೆ ಸತ್ತಿದ್ದು ತಿನ್ಸಿದ್ಯಲ್ಲೋ" ಅಂದ್ರು. ಆಗ ನಾನು ಏನಂದೆ ಗೊತ್ತಾ? ಏನೂ ಅನ್ಲಿಲ್ಲ. ಮೊದ್ಲಿಂದ್ಲೂ ಗೊತ್ತಿತ್ತು, ಗೊತ್ತಿದ್ದೇ ತಿಂದೆ ಅಂತ ಅನ್ಲಿಲ್ಲ. ಮೋಸ ಹೋದೋನ ಹಂಗೆ ಮುಖ ಮಾಡ್ಕೊಂಡು ಕೂತೆ.

ಮಾರನೇ ದಿನ ಎದ್ದು ನೋಡಿದ್ರೆ ಗದ್ದೆ ಖಾಲಿ. ಕುರಿ ಇಲ್ಲ, ಬಿಡಾರ ಇಲ್ಲ. ನಮ್ಮ ಹಿತ್ತಿಲಾಗೆ ದೋಣಿ ಬೋರಲು ಹಾಕಿತ್ತು, ಹುಟ್ಟು ಒರೆಸಿ ಮ್ಯಾಲೆ ಇಟ್ಟಿದ್ದ. ಮಾಡಿದೋನಿಗೆ ವಾಪಸ್ ಕೊಟ್ಟಿದ್ದ.

ಊರಾಗೆ ನನಗೆ ಎಂಥಾ ಮರ್ಯಾದೆ ಅಂತೀರ. ಪಾಪ ಬುಡನ್‌ಸಾಬ್, ಪಾಪ ಬುಡನ್‌ಸಾಬ್. ಮಸೀದಿಯಾಗೆ ಹಜರತ್ರು ಕರೆದು, "ಗೊತ್ತಿಲ್ದೆ ತಿಂದಿದ್ದಕ್ಕೆ ಪಾಪ ಇಲ್ಲ, ಮನಸ್ಸಿಗೆ ಹಚ್ಕೋಬ್ಯಾಡ್ರಿ" ಅಂದ್ರು. ಅಲ್ಲೂ ತಲೆ ಆಡಿಸಿದೆ. ಗ್ರೂಪ್‌ನಾಗೆ ನಿಮಗೂ ಹಂಗೇ ಹೇಳ್ದೆ. ಜಗಳೂರಿಂದ ನನ್ನ ಮಗಳು ಸಾಜಿದಾ ಫೋನ್ ಮಾಡಿ ಅವನನ್ನ ಬೈದಳು, ನಾನು ಕೇಳಿಸ್ಕೊಂಡೆ.

ಈ ವರ್ಷ ಭತ್ತ ಕೊಯ್ದಾಯ್ತು. ಮಹೇಶ್ವರಪ್ಪಾರ ಗದ್ದೆಗೆ ಯಾರದೋ ಬ್ಯಾರೆ ಮಂದೆ ಬಂತು. ಬೇಲಿ ಹತ್ರ ನಿಂತು ತಾಜ್‌ಬೀ ಅಂದಳು, "ಗಾದ್ರಪ್ಪಣ್ಣ ಬರ್ಲಿಲ್ಲ. ಬರದೇ ಇರ್ಲಿ ಬಿಡ್ರಿ, ಹರಾಮು ತಿನ್ಸಿದೋನು." ಅನ್ನುವಾಗ ಅವಳ ಕಣ್ಣು ತುಂಬಿತ್ತು. ವರ್ಷ ವರ್ಷಾನೂ ಅವನಿಗೆ ಚಾ ಕೊಟ್ಟೋಳಲ್ವಾ.

ನನಗೆ ತಡಿಯಾಕೆ ಆಗ್ಲಿಲ್ಲ. ರಕ್ತ ಇಲ್ಲದ ರೆಕ್ಕೆ, ಹೊನ್ನಾಳಿ ಬಸ್ಸು, ಎಲ್ಲಾ ಹೇಳಿಬಿಟ್ಟೆ.

ಕೂಗ್ತಾಳೆ ಅಂದ್ಕೊಂಡಿದ್ದೆ. ಕೂಗ್ಲಿಲ್ಲ. ಆ ದೋಣಿ ಕಡೆ ತಿರುಗಿದಳು. "ಹಂಗಾದ್ರೆ ನನಗೆ ತಿನ್ಸಿದ್ದು ಅವನಲ್ಲ" ಅಂದಳು. ಒಳಗೆ ಹೋದಳು. ಆವತ್ತಿಂದ ಊಟಕ್ಕೆ ತಟ್ಟೆ ಇಡ್ತಾಳೆ, ಮಾತಿಲ್ಲ. ನಿನ್ನೆ ಒಂದೇ ಮಾತು ಆಡಿದಳು. "ಸುಳ್ಳು ಎಷ್ಟು ಜನಕ್ಕೆ ಹೇಳಿದ್ರೋ ಅಷ್ಟೂ ಜನಕ್ಕೆ ಖರೆ ಹೇಳ್ರಿ."

ಹೇಳಿದೀನಿ. ಹಜರತ್ರಿಗೆ ಇವತ್ತು ಹೋಗಿ ಹೇಳಿ ಬಂದೆ, ಚಾದಂಗಡಿಯಾಗೂ ಹೇಳ್ದೆ. ಚಾದಂಗಡಿಯಾಗೆ ಯಾರೂ ನನ್ನ ಮುಖ ನೋಡ್ಲಿಲ್ಲ. ಗಾದ್ರಪ್ಪನಿಗೂ ಹಿಂಗೇ ಆಗಿರ್ಬೇಕು.

ಅವನೊಬ್ಬ ಬಾಕಿ. ಅವನದು ಹಳೇ ಬಟನ್ ಫೋನು, ಇದೆಲ್ಲ ಬರಲ್ಲ. ನಾನು ಮಾಡಿದ್ರೆ ಎತ್ತಲ್ಲ. ದೋಣಿ ಹಿತ್ತಿಲಾಗೇ ಬಿದ್ದೈತೆ. ಒಣಗಿ ಒಣಗಿ ಮೂತಿ ಹತ್ರ ಬಾಯಿ ಬಿಡಾಕೆ ಹತ್ತೈತೆ, ಬೆರಳು ಹೋಗ್ತೈತೆ. ಚಾನಲ್‌ಗೆ ಹಾಕೋದು ದೊಡ್ಡ ಮಾತಲ್ಲ. ನಾನು ಹಾಕಿದ್ರೆ ಅದು ನಂದು ಅಂತ ಒಪ್ಕೊಂಡಂಗಾಗ್ತೈತೆ, ಅದಕ್ಕೆ ಮುಟ್ಟಿಲ್ಲ. ಅವನೇ ಬಂದು ಹಾಕ್ಬೇಕು. ಇನ್ನೊಂದು ಬ್ಯಾಸಿಗೆ ಆ ಹಲಗೆ ತಡಿಯಲ್ಲ. ಹಕ್ಕಿ ತಂಟೆ ಬ್ಯಾಡ ಇನ್ಮ್ಯಾಲೆ, ಮೀನು ಸಾಕು.

ಸಾಜಿದಾ, ಬಿಳಿಚೋಡು ಸಂತೆಗೆ ಬಳೆ ಮಾರಾಕೆ ಹೋಗ್ತೀಯಲ್ಲವ್ವ. ಈ ಸಲ ಅವನ ಮನೆಗೆ ಹೋಗು. ಬೈದಿದ್ಯಲ್ಲ, ಅದಕ್ಕೂ ಒಂದು ಮಾತು ಕೇಳ್ಕೋ. ಆಮ್ಯಾಲೆ ಫೋನು ಅವನ ಕಿವಿಗೆ ಹಿಡಿದು ಇದನ್ನ ಮೊದ್ಲಿಂದ ಕೇಳ್ಸು. ಉಳಿದೋರೂ ಅಷ್ಟೇ, ಹಳೇ ಸುಳ್ಳು ಯಾರ್ಯಾರಿಗೆ ಕಳಿಸಿದ್ರೋ ಅವರಿಗೆಲ್ಲ ಇದನ್ನೂ ಕಳಿಸ್ರಿ. ಸಾಜಿದಾ, ಅವನು ನಡುವೆ ಎದ್ದು ಹೋದ್ರೆ ಬಿಡಬ್ಯಾಡ, ಕುರಿ ಹಿಂದೆ ಹೋಗಿಯಾದ್ರೂ ಪೂರ್ತಿ ಕೇಳ್ಸು.